ಕ್ಯಾಂಪರ್‌ವ್ಯಾನಿನಲ್ಲಿ 14 ದಿನ, ಆರು ದೇಶ: ಮಾರ್ಗ ಆಮೇಲೆ, ಮೊದಲು ತೂಕ

ನಾಲ್ಕು ಜನ, ಬಾಡಿಗೆಯ ಕ್ಯಾಂಪರ್‌ವ್ಯಾನು (ಮಲಗುವುದು, ಅಡುಗೆ, ಶೌಚ ಎಲ್ಲ ಒಳಗೇ ಆಗುವ ವ್ಯಾನು), ಯುರೋಪಿನ ಆರು ದೇಶ, ಯಾವುದು ಮೊದಲು ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದು ನಕ್ಷೆಯ ಮುಂದೆ ವಾರಗಟ್ಟಲೆ ಕೂತವನು. ದೇಶಗಳ ಕ್ರಮದಲ್ಲಿ ತಪ್ಪೇನೂ ಆಗಲಿಲ್ಲ. ಕೈಕೊಟ್ಟದ್ದು ತೂಕ. ಆಲ್ಪ್ಸ್ ದಾರಿಯ ತಪಾಸಣೆಯಲ್ಲಿ ವ್ಯಾನನ್ನು ತೂಗಿದಾಗ 92 ಕೆಜಿ ಹೆಚ್ಚಿತ್ತು. ದಂಡ ಕಟ್ಟಿದ್ದಾಯಿತು, ಭಾರ ಇಳಿಸುವ ತನಕ ಹೊರಡಲು ಬಿಡಲಿಲ್ಲ.

ಆ 92 ಎಲ್ಲಿಂದ ಬಂತು ಅನ್ನುವುದನ್ನು ಬಿಡಿಸಿಯೇ ಹೇಳಬೇಕು. ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಓಡಿಸಲು ಸಿಗುವ ವ್ಯಾನುಗಳ ಗರಿಷ್ಠ ತೂಕ 3,500 ಕೆಜಿ. ನಮ್ಮದರ ಕೈಪಿಡಿಯಲ್ಲಿ ವ್ಯಾನಿನ ತೂಕ 3,020 ಅಂತಿತ್ತು. ಹಾಗಾದರೆ 480 ಕೆಜಿ ಹೇರಬಹುದು ಅಂದುಕೊಂಡೆ. ಆ 3,020ರಲ್ಲಿ 75 ಕೆಜಿಯ ಚಾಲಕ ಮತ್ತು ಶೇ 90ರಷ್ಟು ಇಂಧನ ಸೇರಿರುತ್ತದೆ, ನಿಜ. ಆದರೆ ಆಮೇಲೆ ಕೂಡಿಸಿದ ನೆರಳುಬಟ್ಟೆ, ಎರಡನೇ ಬ್ಯಾಟರಿ, ಸೈಕಲ್ ಸ್ಟ್ಯಾಂಡು ಸೇರಿರುವುದಿಲ್ಲ. ಅವೇ 90 ಕೆಜಿ. ಉಳಿದದ್ದು 390.

ಹೆಂಡತಿ, ಇಬ್ಬರು ಮಕ್ಕಳು ಸೇರಿ 138. ನೀರಿನ ಟ್ಯಾಂಕ್ 100 ಲೀಟರಿನದು, ಆದರೆ ಕೈಪಿಡಿಯ ಲೆಕ್ಕದಲ್ಲಿ ಹಿಡಿದಿದ್ದು 20 ಮಾತ್ರ. ತುಂಬಿಸಿದರೆ ಇನ್ನೂ 80. ನಾಲ್ಕು ಸೈಕಲ್ 56, ಮೇಜು-ಕುರ್ಚಿ 20, ಹಾಸಿಗೆ-ಬಟ್ಟೆ 60, ಪಾತ್ರೆ ಮತ್ತು ದಿನಸಿ 40. ಇಷ್ಟಕ್ಕೇ ಮಿತಿ 4 ಕೆಜಿ ದಾಟಿತು. ಇಲ್ಲಿಗೆ ನಿಂತಿದ್ದರೆ ಬಚಾವಾಗುತ್ತಿದ್ದೆನೇನೋ. ನಿಜವಾದ ತಪ್ಪು ಮಾಡಿದ್ದು ಕ್ಯಾಂಪಿನಿಂದ ಹೊರಡುವ ಬೆಳಿಗ್ಗೆ. ಬಳಸಿದ ನೀರು ಚೆಲ್ಲುವ ಜಾಗದಲ್ಲಿ ಸಾಲು ದೊಡ್ಡದಿತ್ತು, ‘ಮುಂದಿನ ಕ್ಯಾಂಪಿನಲ್ಲಿ ನೋಡೋಣ’ ಅಂದು ಶುದ್ಧ ನೀರನ್ನು ಮಾತ್ರ ಕಂಠಪೂರ್ತಿ ತುಂಬಿಸಿದೆ. ಬಳಸಿದ ನೀರು 70 ಲೀಟರ್, ಶೌಚದ ಪೆಟ್ಟಿಗೆ 18 ಲೀಟರ್, ಎರಡೂ ಹಾಗೇ ಉಳಿದವು. ನೀರು ಖರ್ಚಾದರೆ ವ್ಯಾನು ಹಗುರಾಗುತ್ತದೆ ಅನ್ನುವುದು ಭ್ರಮೆ. ಅದು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಹೋಗಿರುತ್ತದೆ, ಅಷ್ಟೇ. ಕೊನೆಗೆ ತಪಾಸಣೆಯ ಜಾಗದಲ್ಲಿ ಸುರಿದದ್ದು ಕುಡಿಯುವ ನೀರನ್ನು, ಯಾಕೆಂದರೆ ಕೊಳೆನೀರನ್ನು ರಸ್ತೆ ಬದಿ ಬಿಡುವಂತಿಲ್ಲ.

ಆದ್ದರಿಂದ ಓಡಾಡುವಾಗ 20 ಲೀಟರ್ ಸಾಕು. ಕ್ಯಾಂಪ್ ತಲುಪಿದ ಮೇಲೆ ತುಂಬಿಸಿ, ಹೊರಡುವ ಮೊದಲು ಎರಡೂ ಕೊಳೆ ಟ್ಯಾಂಕು ಖಾಲಿ ಮಾಡಿ, ಸಾಲು ಎಷ್ಟೇ ಇರಲಿ.

ಸೈಕಲ್ಲಿನದು ಇನ್ನೊಂದು ಕಥೆ. ಸ್ಟ್ಯಾಂಡು ಸೇರಿ 71 ಕೆಜಿ ಹಿಂದಿನ ಅಚ್ಚಿನಿಂದ (ಎರಡು ಚಕ್ರ ಜೋಡಿಸುವ ಆಕ್ಸಲ್) 2 ಮೀಟರ್ ಆಚೆ ನೇತಾಡುತ್ತಿರುತ್ತದೆ. ಎರಡು ಅಚ್ಚುಗಳ ನಡುವೆ 4 ಮೀಟರ್ ಇದ್ದರೆ, ಹಿಂದಿನ ಅಚ್ಚಿನ ಮೇಲೆ ಬೀಳುವುದು 71 ಅಲ್ಲ, 106 ಕೆಜಿಗೂ ಹೆಚ್ಚು; ಸನ್ನೆಗೋಲಿನ ಲೆಕ್ಕ. ಮುಂದಿನ ಅಚ್ಚು 35 ಕೆಜಿ ಹಗುರಾಗುತ್ತದೆ. ಮುಂದಿನ ಚಕ್ರಗಳೇ ಎಳೆಯುವ ವ್ಯಾನು ಒದ್ದೆ ಹುಲ್ಲಿನಲ್ಲಿ ನಿಂತಲ್ಲೇ ಚಕ್ರ ತಿರುಗಿಸುವುದು ಇದರಿಂದಲೇ. ಒಟ್ಟು ತೂಕ ಸರಿಯಿದ್ದೂ ಅಚ್ಚಿನ ಮಿತಿ ದಾಟಿರಬಹುದು, ಅದಕ್ಕೂ ದಂಡವುಂಟು. ಸೈಕಲ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ.

ವ್ಯಾನು ಕಾಯ್ದಿರಿಸುವ ಮುನ್ನ ಕೈಪಿಡಿಯ ತೂಕ ಕೇಳಬೇಡಿ. ಎಲ್ಲ ಜೋಡಣೆಗಳೂ ಸೇರಿ ಆ ವ್ಯಾನನ್ನು ತೂಗಿದಾಗ ಬಂದದ್ದೆಷ್ಟು, ಪ್ರತಿ ಅಚ್ಚಿನ ಮಿತಿಯೆಷ್ಟು, ನೀರನ್ನು ಎಷ್ಟು ಹಿಡಿದಿದ್ದಾರೆ ಅಂತ ಬರಹದಲ್ಲಿ ಕೇಳಿ. ಉತ್ತರ ಕೊಡದವರ ವ್ಯಾನು ಬೇಡ.

ಆರು ದೇಶದ ವಿಷಯಕ್ಕೆ ಬಂದರೆ, ನನ್ನ ಪ್ರಕಾರ ಮೂರೇ ಹೆಚ್ಚು. ದಿನಕ್ಕೆ 250 ಕಿ.ಮೀ. ದಾಟಿಸಬೇಡಿ, ಒಂದು ಜಾಗದಲ್ಲಿ ಎರಡು ರಾತ್ರಿಯಾದರೂ ಇರಿ. ಹಲವು ಗಡಿಗಳಾಚೆ ಹೊಸ ರಸ್ತೆ ಶುಲ್ಕವಿರುತ್ತದೆ: ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ ಒಂದು ದಿನ ಹೋದರೂ 40 ಫ್ರಾಂಕಿನ ವಾರ್ಷಿಕ ಚೀಟಿಯೇ ಬೇಕು, ಆಸ್ಟ್ರಿಯಾದಲ್ಲಿ 10 ದಿನದ್ದೂ ಸಿಗುತ್ತದೆ.

ಅಡುಗೆ ಅನಿಲ ಬ್ಯೂಟೇನ್ ಆದರೆ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗುವುದೇ ಇಲ್ಲ. ಬೆಟ್ಟದ ಚಳಿಯಲ್ಲಿ ಒಲೆ ಹತ್ತದಿದ್ದರೆ ಒಲೆಯನ್ನು ಬಿಚ್ಚಲು ಹೋಗಬೇಡಿ. ಮೈನಸ್ 42ರವರೆಗೂ ನಡೆಯುವ ಪ್ರೊಪೇನ್ ಕೇಳಿ. ಕ್ಯಾಂಪಿನ ವಿದ್ಯುತ್ತು ಕೆಲವೆಡೆ 6 ಆಂಪಿಯರ್ ಮಾತ್ರ. 230 ವೋಲ್ಟಿಗೆ ಅದು 1,380 ವ್ಯಾಟ್, 2,000 ವ್ಯಾಟಿನ ಕೆಟಲ್ ಹಾಕಿದರೆ ಫ್ಯೂಸ್ ಹೋಗಬಹುದು. ಕೆಟಲ್ ಮನೆಯಲ್ಲೇ ಬಿಡಿ, ಒಂದು ಕೆಜಿಯೂ ಉಳಿಯುತ್ತದೆ.