ಪ್ರತಿಕ್ರಿಯೆ: ಮಾತ್ರೆ ನುಂಗಿದರೂ 99ಡಾಟ್ಸ್‌ನಲ್ಲಿ 'ತಪ್ಪಿದೆ' ಅಂತ ಬರ್ತಿದೆ, ಅಮ್ಮನಿಗೂ ಭಯ
99ಡಾಟ್ಸ್ ಎಂದರೆ ಟಿಬಿ ಮಾತ್ರೆ ತೆಗೆದಾಗ ಕಾಣುವ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟು ಆ ದಿನದ ಡೋಸ್ ದಾಖಲಿಸುವ ವ್ಯವಸ್ಥೆ. ಫೋನಿಗೆ ಹೆದರುವ ಅಮ್ಮನ ಬದಲು ಆ ಕರೆಯನ್ನು ನೀವು ಮಾಡುತ್ತಿದ್ದೀರಿ. ಅಮ್ಮ ಮಾತ್ರೆ ದಿನಾ ನುಂಗುತ್ತಿದ್ದರೂ ಡೋಸ್ ತಪ್ಪಿದೆ ಎಂದು ಬರಲು ಬಹುಶಃ ಕಾರಣ, ಮಿಸ್ಡ್ ಕಾಲ್ ನಿಮ್ಮ ಫೋನಿನಿಂದ ಹೋಗುತ್ತಿರುವುದು. ನೋಂದಾಯಿಸಿದ ನಂಬರಿನಿಂದ ಬಂದ ಕರೆ ಮಾತ್ರ ಅವರ ಲೆಕ್ಕಕ್ಕೆ ಸೇರುತ್ತದೆ. ಮೊದಲು ಟಿಬಿ ಸಿಬ್ಬಂದಿಗೆ ಹೇಳಿ ನಿಮ್ಮ ನಂಬರನ್ನೂ ಸೇರಿಸಿ. ಆಮೇಲೆ ಖಾಲಿ ಸ್ಟ್ರಿಪ್ ತೋರಿಸಿ, ಹಿಂದಿನ ದಿನಗಳ ದಾಖಲೆ ಸರಿಪಡಿಸಲು ಕೇಳಿ. ಅಲ್ಲಿಯವರೆಗೆ ಸ್ಟ್ರಿಪ್ ಎಸೆಯಬೇಡಿ. ದಾಖಲೆ ಸರಿಹೋಗಲೆಂದು ಅದೇ ದಿನ ಇನ್ನೊಂದು ಡೋಸ್ ಮಾತ್ರ ಕೊಡಲೇಬೇಡಿ. ನಂಬರ್ ಸೇರಿಸಿದ ಮೇಲೂ ಹಾಗೇ ಬಂದರೆ, ಒತ್ತಿದ ಅಂಕಿಗಳಲ್ಲಿ ತಪ್ಪಿದೆಯೇ ನೋಡಿ.

'ಫೋನಿನಲ್ಲಿ ಯಾರೋ ಕದ್ದು ಕೇಳ್ತಾರೆ' ಎಂಬ ಅಮ್ಮನ ಭಯಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ಸ್ಟ್ರಿಪ್ ಅವರ ಕೈಗೇ ಕೊಟ್ಟು ಆ ದಿನದ ಮಾತ್ರೆ ಒತ್ತಿಸಿ. ಕಾಗದದ ಹೊದಿಕೆ ಹರಿದು ಒಳಗಿನ ನಂಬರ್ ಕಾಣುತ್ತದೆ. ಮಾತ್ರೆ ತೆಗೆಯದೆ ಅದು ತಿಳಿಯುವುದಿಲ್ಲ, ಅಷ್ಟೇ ಇದರ ಗುಟ್ಟು. ಕರೆಗೆ ದುಡ್ಡಿಲ್ಲ, ಮಾತಾಡಬೇಕಾಗಿಯೂ ಇಲ್ಲ. ಯಾವ ಫೋನಿನಿಂದ, ಯಾವ ನಂಬರಿಗೆ, ಯಾವಾಗ ಕರೆ ಬಂತು ಎಂಬುದರಿಂದಲೇ ಡೋಸ್ ಲೆಕ್ಕ. ನುಂಗಿದರೋ ಇಲ್ಲವೋ ಆ ವ್ಯವಸ್ಥೆಗೆ ಕಾಣುವುದಿಲ್ಲ.

ಇಷ್ಟಾದರೂ ಅಮ್ಮ ಫೋನ್ ಕರೆ ಒಲ್ಲೆ ಎಂದರೆ ಒತ್ತಾಯ ಬೇಡ. ಆ ಸಿಟ್ಟು ಮಾತ್ರೆಯ ಮೇಲೆ ತಿರುಗಿದರೆ ನಷ್ಟ ದೊಡ್ಡದು. ಆಶಾ ಕಾರ್ಯಕರ್ತೆಯ ಎದುರು ನುಂಗುವ ಹಳೆಯ ಕ್ರಮ ಆಗುತ್ತದೆಯೇ ಕೇಳಿ. ಟಿಬಿ ರೋಗಿಗಳಿಗಾಗಿ ಇರುವ ಸರ್ಕಾರದ ನಿಕ್ಷಯ್ ಸಹಾಯವಾಣಿ: 1800-11-6666, ಉಚಿತ.