ಲಾರಿ ಚಾಲಕರ ಪಿಎಫ್, ಪಿಂಚಣಿ, ಗ್ರ್ಯಾಚುಟಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಇಂಡಿ ತಾಲೂಕಿನವನು, ವಯಸ್ಸು 51. ಕಳಂಬೋಲಿಯಲ್ಲಿದ್ದು ನ್ಹಾವಾ ಶೇವಾ ಬಂದರಿಗೆ ಕಂಟೇನರ್ ಗಾಡಿ ಓಡಿಸುತ್ತೇನೆ. 2004ರಿಂದ ಏಳು ವರ್ಷ ಒಂದು ಕಂಪನಿಯಲ್ಲಿದ್ದೆ. ಅಲ್ಲಿನ ಪಿಎಫ್ ಹಾಗೆಯೇ ಉಳಿದಿದೆ. ಎರಡನೆಯ ಕಂಪನಿ ಐದು ವರ್ಷ ಪಗಾರದಲ್ಲಿ ಪಿಎಫ್ ಮುರಿದುಕೊಂಡಿತು, ಪಾಸ್‌ಬುಕ್ಕಿನಲ್ಲಿ ಮಾತ್ರ 14 ತಿಂಗಳ ಜಮೆ ಕಾಣುತ್ತದೆ. 2018ರಿಂದ ಈಗಿನ ಕಂಪನಿ. ಪಗಾರ 18,000, ಭತ್ತಾ ಬೇರೆ. ಪಿಎಫ್ ಕಟ್ಟುವುದು 9,000ದ ಮೇಲೆ. ಹಳೆಯ ಪಿಎಫ್ ಪೂರ್ತಿ ತೆಗೆದು ಮಗಳ ಮದುವೆಗೆ ಹಾಕು ಎಂದು ಜೊತೆಯವರು ಹೇಳುತ್ತಾರೆ. ನನಗೆ ಪಿಂಚಣಿ ಬರುತ್ತದೆಯೇ?
— ಒಬ್ಬ ಚಾಲಕ, ಕಳಂಬೋಲಿ

ಉತ್ತರ: ಬರುತ್ತದೆ. ಆದರೆ ಜೊತೆಯವರ ಮಾತು ಕೇಳಿ ಮೊದಲ ಏಳು ವರ್ಷದ ಗಂಟನ್ನು ಬಿಚ್ಚಿದರೆ ಆ ಪಿಂಚಣಿ ಸುಮಾರು ಮೂರನೆಯ ಒಂದು ಭಾಗದಷ್ಟು ಸೊರಗಬಹುದು. ಆದ್ದರಿಂದ ಉಳಿದ ಮಾತಿಗೆ ಮುಂಚೆ ಒಂದನ್ನು ಒತ್ತಿ ಹೇಳುತ್ತೇನೆ: ದಯವಿಟ್ಟು ಈ ತಿಂಗಳು ಯಾವ ಅರ್ಜಿಗೂ ಸಹಿ ಹಾಕಬೇಡಿ.

ನಾವು ಪಿಎಫ್ ಎಂದು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಬೇರೆ ನಿಧಿಗಳಿವೆ. ನಿಮ್ಮ ಪಗಾರದಿಂದ ಹೋಗುವ ಶೇ 12 ಪೂರ್ತಿಯಾಗಿ ಭವಿಷ್ಯ ನಿಧಿಗೆ ಸೇರುತ್ತದೆ. ಮಾಲೀಕರು ಕಟ್ಟುವ ಶೇ 12ರಲ್ಲಿ 8.33 ಭಾಗ 1995ರ ಪಿಂಚಣಿ ಯೋಜನೆಗೆ ಹೋಗಿ, ಮಿಕ್ಕ 3.67 ಮಾತ್ರ ನಿಮ್ಮ ಭವಿಷ್ಯ ನಿಧಿಗೆ ಬರುತ್ತದೆ. ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು, 58 ತುಂಬಬೇಕು. ಕೆಲಸ ಬಿಟ್ಟವರು 10 ವರ್ಷಕ್ಕೆ ಮುಂಚೆ 10ಸಿ ನಮೂನೆ ತುಂಬಿ ಪಿಂಚಣಿಯ ಹಣವನ್ನೂ ಬಾಚಿಕೊಂಡರೆ ಅಷ್ಟು ವರ್ಷದ ಸೇವೆ ಲೆಕ್ಕದಿಂದ ಅಳಿಸಿಹೋಗುತ್ತದೆ. ಕಂಪನಿ ಬದಲಿಸಿದಾಗಲೆಲ್ಲ ಹೀಗೆ ಬಾಚಿಕೊಂಡು, 30 ವರ್ಷ ಗಾಡಿ ಓಡಿಸಿಯೂ ಪಿಂಚಣಿಯಿಲ್ಲದೆ ಊರಿಗೆ ಮರಳಿದ ಚಾಲಕರನ್ನು ನಾನು ಕಂಡಿದ್ದೇನೆ.

ನಿಮ್ಮ ಲೆಕ್ಕ ನೋಡೋಣ. ಈಗಿನ ಕಂಪನಿಯ ಎಂಟು ವರ್ಷ, ಎರಡನೆಯ ಕಂಪನಿಯ 14 ತಿಂಗಳು ಸೇರಿದರೆ ಒಂಬತ್ತು ವರ್ಷ ಚಿಲ್ಲರೆ. ಅಂದರೆ ಇಷ್ಟರಿಂದಲೇ ಪಿಂಚಣಿಯ ಹತ್ತು ವರ್ಷದ ಹೊಸ್ತಿಲನ್ನು ನೀವಿನ್ನೂ ದಾಟಿಲ್ಲ. ಮೊದಲ ಏಳು ವರ್ಷ ಕೂಡಿದರೆ 16 ದಾಟುತ್ತದೆ. ಇದೇ ಕೆಲಸದಲ್ಲಿ 58ರವರೆಗೆ ಮುಂದುವರಿದರೆ ಒಟ್ಟು 23 ವರ್ಷವಾಗುತ್ತದೆ; 20 ವರ್ಷ ಪೂರೈಸಿದವರಿಗೆ ಯೋಜನೆಯೇ ಎರಡು ವರ್ಷ ಹೆಚ್ಚುವರಿಯಾಗಿ ಸೇರಿಸುತ್ತದೆ. ಏಳು ವರ್ಷವನ್ನು ಕಳೆದುಕೊಂಡವರಿಗೆ ಆ ಎರಡು ವರ್ಷವೂ ಇಲ್ಲ.

ಹಳೆಯ ಖಾತೆಯ ಹಣ ಸುಮ್ಮನೆ ಬಿದ್ದಿದೆ ಎಂಬ ಚಿಂತೆಯೂ ಬೇಡ. ಕಂತು ನಿಂತ ಖಾತೆಗೂ 58 ವರ್ಷದವರೆಗೆ ಬಡ್ಡಿ ಸೇರುತ್ತಲೇ ಇರುತ್ತದೆ. 2024-25ಕ್ಕೆ ಆ ದರ ಶೇ 8.25 ಇತ್ತು. ಮಗಳ ಮದುವೆಗೆ ಹಣ ಬೇಕೇ ಬೇಕಾದರೆ ಚಾಲ್ತಿಯಲ್ಲಿರುವ ಭವಿಷ್ಯ ನಿಧಿಯಿಂದ ಮದುವೆಯ ಕಾರಣಕ್ಕೆಂದೇ ಭಾಗಶಃ ಹಣ ಪಡೆಯಲು ಅವಕಾಶವಿದೆ. ಅದರಿಂದ ಪಿಂಚಣಿಯ ಸೇವೆಗೆ ಧಕ್ಕೆಯಿಲ್ಲ.

ಈಗ ಮಾಡಬೇಕಾದ ಕೆಲಸ ಆ ಹಳೆಯ ಖಾತೆಯನ್ನು ಇಂದಿನ ಯುಎಎನ್‌ಗೆ, ಅಂದರೆ ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ಸಂಖ್ಯೆಗೆ, ವರ್ಗಾಯಿಸಿಕೊಳ್ಳುವುದು. ಯುಎಎನ್ ಬಂದದ್ದೇ 2014ರಲ್ಲಿ, ಆದ್ದರಿಂದ 2004ರ ಖಾತೆ ತಾನಾಗಿ ಅದಕ್ಕೆ ಸೇರಿರುವುದಿಲ್ಲ. ಇಲ್ಲಿ ನಮ್ಮವರಿಗೆ ಎದುರಾಗುವ ತೊಡಕು ಹೆಚ್ಚಾಗಿ ಹೆಸರಿನದು. ಮುಂಬಯಿಯ ಕಾರಕೂನರು ಮರಾಠಿ ಪದ್ಧತಿಯಂತೆ ಮೊದಲು ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರೆದಿರುತ್ತಾರೆ. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ತಂದೆಯ ಹೆಸರೇ ಇರುವುದಿಲ್ಲ, ಅಥವಾ ಬಸವರಾಜ ಎಂಬುದು ಬಸಪ್ಪ ಎಂದಾಗಿರುತ್ತದೆ. ಒಂದಕ್ಷರ ಹೊಂದದಿದ್ದರೂ ಅರ್ಜಿ ಹಿಂದಿರುಗುತ್ತದೆ. ಕಂಪನಿ ಮತ್ತು ನೀವು ಕೂಡಿ ಕೊಡುವ ಜಂಟಿ ಘೋಷಣೆಯಿಂದ ಇದನ್ನು ತಿದ್ದಿಸಬಹುದು. ಮೊದಲ ಕಂಪನಿ ಇನ್ನೂ ನಡೆಯುತ್ತಿರುವಾಗಲೇ ತಿದ್ದಿಸಿಕೊಳ್ಳಿ, ಏಕೆಂದರೆ ಬಾಗಿಲು ಮುಚ್ಚಿದ ಕಂಪನಿಯ ಸಹಿ ತರುವುದು ಬಹಳ ಕಷ್ಟ.

ಎರಡನೆಯ ಕಂಪನಿಯ ವಿಷಯ ಬೇರೆ. ನೌಕರನ ಪಗಾರದಿಂದ ಮುರಿದುಕೊಂಡ ಹಣವನ್ನು ನಿಧಿಗೆ ಕಟ್ಟದಿರುವುದನ್ನು ನಮ್ಮ ದಂಡಸಂಹಿತೆ ನಂಬಿಕೆದ್ರೋಹದ ಅಪರಾಧವೆಂದೇ ಪರಿಗಣಿಸುತ್ತದೆ. ವಿಚಾರಣೆ ನಡೆಸಿ ಬಾಕಿ ನಿಗದಿ ಮಾಡುವ, ಬಡ್ಡಿ ಮತ್ತು ದಂಡ ಸಮೇತ ವಸೂಲು ಮಾಡುವ ಅಧಿಕಾರ ಭವಿಷ್ಯ ನಿಧಿ ಅಧಿಕಾರಿಗಳಿಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಇಂಥ ವಿಚಾರಣೆ ಆರಂಭಿಸಲು ಐದು ವರ್ಷದ ಕಾಲಮಿತಿಯನ್ನು ಬರೆದಿರುವುದರಿಂದ, ಹಳೆಯ ಬಾಕಿಯಿರುವವರು ಒಂದು ದಿನವನ್ನೂ ವ್ಯರ್ಥ ಮಾಡಬಾರದು. ಪ್ರತಿ ತಿಂಗಳ 27ರಂದು ನಡೆಯುವ ‘ನಿಧಿ ಆಪ್ಕೆ ನಿಕಟ್’ ಶಿಬಿರದಲ್ಲಿ ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.

ಸಾಕ್ಷಿ ಏನು ಎಂದು ಕೇಳುತ್ತಾರೆ. ಕಳೆದ ವರ್ಷ ಒಬ್ಬ ಹಿರಿಯ ಚಾಲಕರು ನನ್ನ ಮುಂದೆ ಒಂದು ಗೋಣಿಚೀಲವನ್ನೇ ಸುರಿದರು. ಡೀಸೆಲ್ ವಾಸನೆಯ ಟ್ರಿಪ್ ಶೀಟುಗಳು, ಬಿಲ್ಟಿಯ ಕಾರ್ಬನ್ ಪ್ರತಿಗಳು, ಬಂದರಿನ ಗೇಟ್ ಪಾಸುಗಳು ಅದರಲ್ಲಿದ್ದವು. ಟೋಲ್ ನಾಕಾದ ರಸೀದಿಗಳೂ ಇದ್ದವು. ಆದರೆ ಅವನ್ನು ಬಿಡಿಸಿ ನೋಡಿದರೆ ಅಕ್ಷರ ಪೂರ್ತಿ ಮಾಸಿ ಬರೀ ಬಿಳಿಯ ಪಟ್ಟಿಯಾಗಿದ್ದವು. ಕಾರ್ಬನ್ ಪ್ರತಿಯಲ್ಲಿ ಮಾತ್ರ ಗಾಡಿಯ ನಂಬರು, ಅವರ ಸಹಿ, ತಾರೀಖು ಮೂರೂ ಸ್ಪಷ್ಟವಾಗಿದ್ದವು. ಅವರು ಆ ಕಂಪನಿಯಲ್ಲಿ ಇರಲೇ ಇಲ್ಲವೆಂದು ವಾದಿಸುತ್ತಿದ್ದ ಮಾಲೀಕರಿಗೆ ಅದೇ ಉತ್ತರವಾಯಿತು. ಪಗಾರದ ಚೀಟಿ, ಪಗಾರ ಜಮೆಯಾದ ಬ್ಯಾಂಕಿನ ಪುಟ, ಇವುಗಳೊಂದಿಗೆ ಇಂಥ ಕಾಗದಗಳ ಫೋಟೋ ತೆಗೆದು ಮಗಳ ಫೋನಿಗೂ ಒಂದು ಪ್ರತಿ ಕಳುಹಿಸಿಡಿ.

ಇನ್ನು ಈಗಿನ ಕಂಪನಿ. 18,000 ಪಗಾರದಲ್ಲಿ 9,000 ಮಾತ್ರ ಮೂಲವೇತನ, ಉಳಿದದ್ದು ಭತ್ತೆ ಎಂದು ತೋರಿಸುವುದು ಸಾರಿಗೆ ಕಸುಬಿನಲ್ಲಿ ಹಳೆಯ ರೂಢಿ. ಎಲ್ಲ ನೌಕರರಿಗೂ ಒಂದೇ ರೀತಿಯಲ್ಲಿ ತಪ್ಪದೆ ಕೊಡುವ ಭತ್ತೆಯು ಮೂಲವೇತನದ ಭಾಗವೇ ಆಗುತ್ತದೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರ ತೀರ್ಪಿನಲ್ಲಿ ಹೇಳಿತು. ಹೊಸ ಸಂಹಿತೆಯ ಪ್ರಕಾರವೂ ವೇತನದಿಂದ ಹೊರಗಿಡುವ ಭತ್ತೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ ಮೊತ್ತ ವೇತನಕ್ಕೇ ಸೇರುತ್ತದೆ. ದಾರಿಖರ್ಚಿಗೆಂದು ಟ್ರಿಪ್ಪಿನ ಲೆಕ್ಕದಲ್ಲಿ ಕೊಡುವ ಊಟ-ಟೋಲಿನ ಹಣ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ. ಗಾಡಿ ನಿಂತಿದ್ದ ತಿಂಗಳಲ್ಲೂ ಬಂದ ಭತ್ತೆಯ ಬಗ್ಗೆ ಕೇಳಿ.

ಈ ವ್ಯತ್ಯಾಸ ಚಿಕ್ಕದಲ್ಲ. ಕಡ್ಡಾಯ ಕಂತಿನ ವೇತನಮಿತಿ ಈಗ 15,000. ಒಂಬತ್ತು ಸಾವಿರದ ಮೇಲೆ ನಿಮ್ಮ ಮತ್ತು ಮಾಲೀಕರ ಪಾಲು ಕೂಡಿ ಭವಿಷ್ಯ ನಿಧಿಗೆ ತಿಂಗಳಿಗೆ ಸುಮಾರು 1,410 ಬೀಳುತ್ತದೆ, ಹದಿನೈದು ಸಾವಿರದ ಮೇಲಾದರೆ 2,350. ಪಿಂಚಣಿಯ ಸೂತ್ರವೆಂದರೆ ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಈ ಒಂದೇ ಕಂಪನಿಯ 15 ವರ್ಷಕ್ಕೆ 9,000ದ ಲೆಕ್ಕದಲ್ಲಿ 1,928, 15,000ದ ಲೆಕ್ಕದಲ್ಲಿ 3,214 ರೂಪಾಯಿ ಪಿಂಚಣಿ. 2014ರ ಸೆಪ್ಟೆಂಬರ್‌ಗೆ ಮುಂಚಿನ ವರ್ಷಗಳಿಗೆ ಮಿತಿ 6,500 ಇದ್ದುದರಿಂದ ಹಳೆಯ ಏಳು ವರ್ಷದ ಪಾಲು ಸ್ವಲ್ಪ ಕಡಿಮೆ ಬರುತ್ತದೆ. ‘ನಿನ್ನ ಪಗಾರ 15,000 ದಾಟಿದೆ, ನಿನಗೆ ಪಿಎಫ್ ಅನ್ವಯಿಸುವುದಿಲ್ಲ’ ಎಂದು ಕಚೇರಿಯವರು ಹೇಳಿದರೆ ಒಪ್ಪಬೇಡಿ. ಒಮ್ಮೆ ಸದಸ್ಯರಾದವರು ಸದಸ್ಯರೇ.

ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಇದರ ಮೇಲಿನದು, ಪೂರ್ತಿ ಮಾಲೀಕರ ಹೊಣೆ. ಹತ್ತು ಜನರಿರುವ ಸಂಸ್ಥೆಯಲ್ಲಿ ಐದು ವರ್ಷ ಪೂರೈಸಿದವರಿಗೆ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನವೆಂದು ಎಣಿಸಿ. ಕೊನೆಯ ವೇತನ 18,000 ಎಂದು ಹಿಡಿದರೆ ಎಂಟು ವರ್ಷಕ್ಕೆ ಸುಮಾರು 83,000. ಅದೇ ಗಾಡಿ, ಅದೇ ಮಾಲೀಕರು ಇದ್ದು ಕಾಗದದಲ್ಲಿ ಮಾತ್ರ 11 ತಿಂಗಳಿಗೊಮ್ಮೆ ಗುತ್ತಿಗೆದಾರನ ಹೆಸರು ಬದಲಾಗುತ್ತಿದ್ದರೆ ಆ ಬದಲಾವಣೆಯನ್ನು ನೀವೂ ಬರೆದಿಟ್ಟುಕೊಳ್ಳಿ, ಮುಂದೆ ಸೇವೆ ಮುರಿದಿಲ್ಲವೆಂದು ತೋರಿಸಲು ಬೇಕಾಗುತ್ತದೆ.

ಪ್ರಶ್ನೆ: ನಾನು ಕಾರವಾರದವನು, ಫೋಂಡಾದಲ್ಲಿದ್ದೇನೆ. ಸಾಲ ಮಾಡಿ ಕೊಂಡ ಸ್ವಂತ ಟಿಪ್ಪರ್ ಇದೆ, ಜೊತೆಗೊಬ್ಬ ಕ್ಲೀನರ್ ಹುಡುಗ. ನನಗೆ 39 ವರ್ಷ. ಪಿಎಫ್ ಇಲ್ಲದ ನನ್ನಂಥವರಿಗೆ ದಾರಿಯೇನು?
— ಒಬ್ಬ ಓದುಗರು, ಫೋಂಡಾ

ಉತ್ತರ: ನಿಮ್ಮ ಮೊದಲ ದಾರಿಗೆ ಉಳಿದಿರುವುದು ಒಂದೇ ವರ್ಷ. ಅಟಲ್ ಪಿಂಚಣಿ ಯೋಜನೆಗೆ 40ರವರೆಗೆ ಮಾತ್ರ ಸೇರಬಹುದು. 40ರಲ್ಲಿ ಸೇರಿದವರು 60ರ ನಂತರ ತಿಂಗಳಿಗೆ 5,000 ಪಡೆಯಲು ತಿಂಗಳಿಗೆ 1,454 ಕಟ್ಟಬೇಕು, ನಿಮ್ಮ ವಯಸ್ಸಿಗೆ ಕಂತು ಅದಕ್ಕಿಂತ ಕಡಿಮೆ. ಆದಾಯ ತೆರಿಗೆ ಕಟ್ಟುವವರಿಗೆ 2022ರ ಅಕ್ಟೋಬರ್ 1ರಿಂದ ಇದು ಸಿಗುವುದಿಲ್ಲ. ಅಂಥವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಾದ ಎನ್‌ಪಿಎಸ್ ಸೇರಬಹುದು.

ಗೋವಾದಲ್ಲಿ 2012ರಲ್ಲೂ 2018ರಲ್ಲೂ ಅದಿರು ಗಣಿಗಾರಿಕೆ ನಿಂತಾಗ ಸಾಲದ ಕಂತಿನ ಗಾಡಿಗಳು ಸಾಲಾಗಿ ನಿಂತದ್ದನ್ನು ನೀವೇ ಬಲ್ಲಿರಿ. ಆದ್ದರಿಂದ ಕೆಲಸವಿಲ್ಲದ ವರ್ಷದಲ್ಲಿ 500 ರೂಪಾಯಿ ಕಟ್ಟಿದರೂ ಜೀವಂತ ಉಳಿಯುವ, ಅಂಚೆ ಕಚೇರಿಯ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಯನ್ನೂ ಇದರೊಂದಿಗೆ ತೆರೆಯಿರಿ ಎಂಬುದು ನನ್ನ ಸಲಹೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷದ ರಕ್ಷಣೆಯಿದೆ. ಅದನ್ನು ನಿಮಗೂ ಕ್ಲೀನರ್‌ಗೂ ಇಂದೇ ಮಾಡಿಸಿ. ಆ ಹುಡುಗನಿಗೆ ಮಾಲೀಕರು ನೀವು. ಕೆಲಸದಲ್ಲಿ ಅವನಿಗೆ ಏನಾದರೂ ಆದರೆ ಪರಿಹಾರದ ಹೊಣೆ ನಿಮ್ಮ ಮೇಲೆಯೇ ಬರುತ್ತದೆ. ಗಾಡಿಯ ವಿಮೆಯಲ್ಲಿ ಕ್ಲೀನರ್‌ನ ಪ್ರೀಮಿಯಂ ಸೇರಿದೆಯೇ ಎಂದು ಪಾಲಿಸಿ ತೆಗೆದು ನೋಡಿ.

ಪ್ರಶ್ನೆ: ನನ್ನ ಯಜಮಾನರು ಚಾಕಣದ ಒಂದು ಸಾರಿಗೆ ಕಂಪನಿಯಲ್ಲಿ ನಾಲ್ಕು ವರ್ಷ ಚಾಲಕರಾಗಿದ್ದರು. ಎರಡು ತಿಂಗಳ ಹಿಂದೆ ಖಂಬಾಟ್ಕಿ ಘಾಟಿನಲ್ಲಿ ಗಾಡಿ ಉರುಳಿ ತೀರಿಕೊಂಡರು. ಅವರಿಗೆ 40 ವರ್ಷ, ಪಗಾರ 17,000. ಪಿಎಫ್ ಇತ್ತು, ಇಎಸ್ಐ (ನೌಕರರ ರಾಜ್ಯ ವಿಮೆ) ಇರಲಿಲ್ಲ. ಕಂಪನಿಯವರು 50,000 ಕೊಟ್ಟು ಮರಾಠಿಯಲ್ಲಿ ಬರೆದ ಕಾಗದಕ್ಕೆ ಸಹಿ ಮಾಡಿಸಿಕೊಂಡರು, ನನಗೆ ಓದಲು ಬರಲಿಲ್ಲ. ಪಿಎಫ್‌ನಲ್ಲಿ ಮದುವೆಗೆ ಮುಂಚೆ ಬರೆಸಿದ ಭಾವನವರ ಹೆಸರಿದೆಯಂತೆ. ನನಗೂ ಇಬ್ಬರು ಮಕ್ಕಳಿಗೂ ಏನಾದರೂ ಉಳಿದಿದೆಯೇ?
— ಒಬ್ಬ ತಾಯಿ, ಭೋಸರಿ, ಪುಣೆ

ಉತ್ತರ: ಅಮ್ಮ, ನಿಮ್ಮ ಪತ್ರ ಓದಿ ಮನಸ್ಸಿಗೆ ಬಹಳ ನೋವಾಯಿತು. ಉಳಿದಿರುವುದು ಬಹಳಷ್ಟಿದೆ, ಅದನ್ನು ಒಂದೊಂದಾಗಿ ಹೇಳುತ್ತೇನೆ.

ಭಾವನವರ ಹೆಸರಿನಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಭವಿಷ್ಯ ನಿಧಿಯ ಯೋಜನೆಯಲ್ಲಿ ಅಣ್ಣ ‘ಕುಟುಂಬ’ದ ಅರ್ಥದೊಳಗೆ ಬರುವುದಿಲ್ಲ, ಸದಸ್ಯರಿಗೆ ಹೆಂಡತಿ, ಮಕ್ಕಳು ಆದ ಕೂಡಲೇ ಅಂಥ ನಾಮನಿರ್ದೇಶನ ಬಿದ್ದುಹೋಗುತ್ತದೆ. ಹಣ ನಿಮಗೂ ಮಕ್ಕಳಿಗೂ, ಅವರನ್ನೇ ನೆಚ್ಚಿಕೊಂಡಿದ್ದ ತಂದೆತಾಯಿ ಇದ್ದರೆ ಅವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ವಿಧವಾ ಪಿಂಚಣಿ ನೇರವಾಗಿ ನಿಮ್ಮದು. ಕೆಲಸದಲ್ಲಿರುವಾಗಲೇ ತೀರಿಕೊಂಡವರ ವಿಷಯದಲ್ಲಿ 10 ವರ್ಷದ ಷರತ್ತು ಇಲ್ಲ, ಒಂದು ತಿಂಗಳ ಕಂತು ಬಿದ್ದಿದ್ದರೂ ಸಾಕು; ಕನಿಷ್ಠ ತಿಂಗಳಿಗೆ 1,000, ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ತಲಾ ಅದರ ಕಾಲು ಭಾಗ. ಇದಲ್ಲದೆ ಪಿಎಫ್‌ಗೆ ಅಂಟಿಕೊಂಡೇ ಇರುವ ಇಡಿಎಲ್ಐ ವಿಮೆಯಿದೆ. ಇದಕ್ಕೆ ನೌಕರರು ಒಂದು ಪೈಸೆಯನ್ನೂ ಕಟ್ಟಿರುವುದಿಲ್ಲ, ಆದ್ದರಿಂದಲೇ ಮನೆಯವರಿಗೆ ಗೊತ್ತಿರುವುದಿಲ್ಲ. ವರ್ಷಕ್ಕಿಂತ ಹೆಚ್ಚು ಬಿಡದೆ ದುಡಿದವರ ಕುಟುಂಬಕ್ಕೆ ಕನಿಷ್ಠ ಎರಡೂವರೆ ಲಕ್ಷ, ಗರಿಷ್ಠ ಏಳು ಲಕ್ಷ. ಗ್ರ್ಯಾಚುಟಿಗೂ ಸಾವಿನ ಸಂದರ್ಭದಲ್ಲಿ ಐದು ವರ್ಷ ಆಗಿರಬೇಕಿಲ್ಲ.

ಆ 50,000 ಮತ್ತು ಸಹಿಯ ಕಾಗದ ನಿಮ್ಮನ್ನು ಕಟ್ಟಿಹಾಕಲಾರದು. ಕೆಲಸದ ಅಪಘಾತದಲ್ಲಿ ಸಾವಾದರೆ ಪರಿಹಾರವನ್ನು ಪರಿಹಾರ ಆಯುಕ್ತರ ಬಳಿ ಠೇವಣಿ ಇಡಬೇಕೆಂಬುದು ಕಾನೂನು. ಹಕ್ಕು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡ ಕರಾರು ಅಲ್ಲಿ ನಿಲ್ಲುವುದಿಲ್ಲ. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿ 15,000. ಅದರ ಅರ್ಧವನ್ನು 40ರ ವಯಸ್ಸಿಗೆ ನಿಗದಿಯಾದ 184.17ರಿಂದ ಗುಣಿಸಿದರೆ 13,81,275 ರೂಪಾಯಿ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ 17,000 ಪಗಾರದವರು ಇಎಸ್ಐಗೆ ಸೇರಲೇಬೇಕಿತ್ತು, ಏಕೆಂದರೆ ಅದರ ಮಿತಿ 21,000. ಇಎಸ್ಐ ಅನ್ವಯವಾದರೆ ಈ ಪರಿಹಾರದ ಬದಲು ವೇತನದ ಶೇ 90ರಷ್ಟನ್ನು ಅವಲಂಬಿತರಿಗೆ ತಿಂಗಳು ತಿಂಗಳು ಹಂಚಿಕೊಡುವ ಸೌಲಭ್ಯವಿದೆ, ಅದಕ್ಕೆ ಇಷ್ಟು ಕಂತು ಕಟ್ಟಿರಬೇಕೆಂಬ ಷರತ್ತಿಲ್ಲ. ಮಾಲೀಕರು ನೋಂದಾಯಿಸದೆ ಬಿಟ್ಟ ಇಂಥ ಪ್ರಕರಣದಲ್ಲಿ ಎರಡರಲ್ಲಿ ಯಾವ ದಾರಿ ಹಿಡಿಯಬೇಕೆಂಬುದನ್ನು ಕಾರ್ಮಿಕ ಕಾನೂನು ಬಲ್ಲ ವಕೀಲರೊಂದಿಗೆ ಕೂತು ತೀರ್ಮಾನಿಸಿ. ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ. ಪುಣೆಯಲ್ಲಿ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ವಿಚಾರಿಸಿ.

ಮರಣ ಪ್ರಮಾಣಪತ್ರ, ಪೊಲೀಸರ ಎಫ್ಐಆರ್, ಮರಣೋತ್ತರ ಪರೀಕ್ಷೆಯ ವರದಿ, ನಿಮ್ಮ ಮತ್ತು ಮಕ್ಕಳ ಆಧಾರ್, ಬ್ಯಾಂಕ್ ಪುಸ್ತಕ ಇವುಗಳ ತಲಾ ಐದು ಪ್ರತಿ ಮಾಡಿಸಿಡಿ. ಯಜಮಾನರ ಫೋನ್ ಮನೆಯಲ್ಲಿದ್ದರೆ ಅದನ್ನು ಮಾರಬೇಡಿ, ಕಂಪನಿಯವರು ಕೇಳಿದರೂ ಕೊಡಬೇಡಿ, ಅದರ ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಿರಿ. ಪಿಎಫ್ ಜಮೆಯ ಸಂದೇಶಗಳು, ಆ ದಿನ ಯಾವ ಗಾಡಿ ಯಾವ ಊರಿಗೆ ಹೊರಡಬೇಕೆಂದು ಕಚೇರಿಯಿಂದ ಬಂದ ವಾಟ್ಸಾಪ್ ಮಾತುಗಳು ಎಲ್ಲ ಅದರಲ್ಲಿಯೇ ಇರುತ್ತವೆ.