ಬ್ರೋಕರ್ ಕೊಟ್ಟ ಜೆರಾಕ್ಸ್ ಪಕ್ಕಕ್ಕಿಡಿ, ಇಸಿ ನೀವೇ ತೆಗೆಸಿ

ಪ್ರಶ್ನೆ: ನೆಲಮಂಗಲದ ಹತ್ತಿರ 30×40 ಸೈಟ್ ನೋಡಿದ್ದೇವೆ. ಅಕ್ಕಪಕ್ಕದ ರೇಟಿಗಿಂತ ಸಾಕಷ್ಟು ಕಡಿಮೆ. ಮಾಲೀಕರು ಅಮೆರಿಕದಲ್ಲಿದ್ದಾರಂತೆ, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ, ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಇಟ್ಟುಕೊಂಡವರು ಮಾರುತ್ತಿದ್ದಾರೆ. ಇಸಿ (ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ), ಖಾತಾ, ತೆರಿಗೆ ರಸೀದಿ ಎಲ್ಲದರ ಜೆರಾಕ್ಸ್ ಕೊಟ್ಟಿದ್ದಾರೆ, ಇಸಿ ‘ನಿಲ್’ ಇದೆ. ಶುಕ್ರವಾರದೊಳಗೆ ಎರಡು ಲಕ್ಷ ಕ್ಯಾಶ್ ಟೋಕನ್ ಕೊಡದಿದ್ದರೆ ಬೇರೆ ಪಾರ್ಟಿಗೆ ಕೊಡುತ್ತಾರಂತೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಬೇರೆ ಪಾರ್ಟಿ ತಗೊಂಡರೆ ತಗೊಳ್ಳಲಿ ಬಿಡಿ.

ಮೊದಲು ಆ ನಿಲ್ ಇಸಿ ವಿಷಯ. ಅದನ್ನು ನೋಡಿ ಜನ ಖುಷಿಪಡುತ್ತಾರೆ, ನನಗೆ ಅನುಮಾನ ಬರುತ್ತದೆ. ಅರ್ಜಿಯಲ್ಲಿ ಬರೆದ ವಿವರಕ್ಕೆ, ಕೇಳಿದ ಅವಧಿಯಲ್ಲಿ, ನೋಂದಣಿಯಾದ ವ್ಯವಹಾರ ಸಿಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಸುಮ್ನೆ ಸೈಟ್ ನಂಬರ್ ಹಾಕಿ ಹುಡುಕಿದರೆ ನಿಲ್ ಬರಬಹುದು, ಅದೇ ಜಾಗವನ್ನು ಸರ್ವೆ ನಂಬರ್ ಹಾಕಿ ಹುಡುಕಿದರೆ ಎರಡು ಕ್ರಯ, ಒಂದು ಅಡಮಾನ ಎದ್ದು ಕೂರಬಹುದು. ಇನ್ನೊಂದು ನೋಡಿ. ಮಾಲೀಕರು ಯಾವ ವರ್ಷ ಕೊಂಡರು ಅಂತ ಅವರ ಕ್ರಯಪತ್ರದಲ್ಲಿ ಇರುತ್ತದೆ. ಅವರು 2012ರಲ್ಲಿ ಕೊಂಡಿದ್ದು, ಇಸಿಯ ಅವಧಿ 2004ರಿಂದ ಶುರುವಾಗಿದ್ದೂ ನಿಲ್ ಅಂದರೆ, ಅವರು ಕೊಂಡ ಕ್ರಯವೇ ಎಲ್ಲಿ ಹೋಯಿತು? ಒಂದೋ ಇಸಿ ಬೇರೆ ಜಾಗದ್ದು, ಇಲ್ಲವೇ ಕ್ರಯಪತ್ರ ನಕಲಿ.

ಅದಕ್ಕೇ ಇಸಿ ನೀವೇ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ 2004ರ ಏಪ್ರಿಲ್‌ನಿಂದ ಈಚೆಗಿನದು ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು. ಒಟ್ಟು 30 ವರ್ಷದ್ದಾದರೂ ಇರಲಿ. ಕ್ರಯಪತ್ರದ ದೃಢೀಕೃತ ನಕಲನ್ನೂ ಅಲ್ಲಿಂದಲೇ ತಗೊಂಡು, ಬ್ರೋಕರ್ ಕೊಟ್ಟ ಜೆರಾಕ್ಸ್ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿ. ಕೋರ್ಟ್ ಕೇಸು, ನೋಂದಣಿಯಾಗದ ಕರಾರು, ಬಾಕಿ ತೆರಿಗೆ ಇವು ಇಸಿಯಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಅದಕ್ಕೆ ವಕೀಲರನ್ನು ಹಿಡಿಯಲೇಬೇಕು. ಬ್ರೋಕರ್ ತೋರಿಸಿದ ವಕೀಲರು ಬೇಡ, ನಿಮ್ಮವರೇ ಇರಲಿ. ಮೂಲ ಪತ್ರ ತೋರಿಸಿ ಅಂದಾಗ ‘ಕಳೆದುಹೋಗಿದೆ’ ಅಂದರೆ, ಅದು ಯಾವುದೋ ಬ್ಯಾಂಕಿನ ಲಾಕರಿನಲ್ಲಿ ಸಾಲಕ್ಕೆ ಕೂತಿರುವ ಸಾಧ್ಯತೆಯೇ ಜಾಸ್ತಿ.

ಇನ್ನು ಜಿಪಿಎ. ಬರೀ ಜಿಪಿಎಯಿಂದ ಆಸ್ತಿ ಕೈಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾಲೀಕರ ಪರವಾಗಿ ಕ್ರಯಪತ್ರಕ್ಕೆ ಸಹಿ ಹಾಕಲು ಜಿಪಿಎ ಬಳಸಬಹುದು, ಅದು ಬೇರೆ ಮಾತು. ಆದರೆ ಕೊಟ್ಟವರು ಆಮೇಲೆ ಅದನ್ನು ರದ್ದು ಮಾಡಿದ್ದಾರಾ? ಅವರು ಬದುಕಿದ್ದಾರಾ? ಮಾಲೀಕರು ತೀರಿಕೊಂಡರೆ ಸಾಮಾನ್ಯವಾಗಿ ಜಿಪಿಎ ಕಥೆಯೂ ಅಲ್ಲಿಗೆ ಮುಗಿಯುತ್ತದೆ. ಹಾಗಾಗಿ ಮಾಲೀಕರ ಜೊತೆ ವಿಡಿಯೊ ಕಾಲ್ ಮಾಡಿಸಿ ಅಂತ ಕೇಳಿ, ಪಾಸ್‌ಪೋರ್ಟ್ ನೋಡಿ, ಕ್ರಯಪತ್ರದಲ್ಲಿರುವ ಫೋಟೊಗೂ ಆ ಮುಖಕ್ಕೂ ತಾಳೆ ಹಾಕಿ. ‘ಅವರು ತುಂಬಾ ಬ್ಯುಸಿ ಸರ್’ ಅಂದರೆ ಎದ್ದು ಬನ್ನಿ. ಮಾಲೀಕರು ನಿಜಕ್ಕೂ ಎನ್‌ಆರ್‌ಐ ಆಗಿದ್ದರೆ ಮೊತ್ತ ಎಷ್ಟೇ ಇರಲಿ, ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಜವಾಬ್ದಾರಿ. ಇದನ್ನು ಬ್ರೋಕರ್ ಹೇಳುವುದಿಲ್ಲ, ನೋಟಿಸ್ ಬರುವುದು ನಿಮಗೆ.

ಜಾಗಕ್ಕೂ ಹೋಗಿ, ಕಾರಿನಿಂದ ಇಳಿಯಿರಿ. ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅದು ಪತ್ರದಲ್ಲಿರುವ ನಂಬರೇನಾ? ಕೆರೆಯೋ ರಾಜಕಾಲುವೆಯೋ ಪಕ್ಕದಲ್ಲಿದೆಯಾ? ಕ್ರಯಪತ್ರದ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ ವಿವರ) ಓದಿಕೊಂಡು, ಪೂರ್ವಕ್ಕೆ ಯಾರ ಜಮೀನು ಅಂತ ಬರೆದಿದೆಯೋ ಅವರನ್ನೇ ಹುಡುಕಿ ಮಾತಾಡಿಸಿ. ಊರಿನವರಿಗೆ ಗೊತ್ತಿರುವಷ್ಟು ವ್ಯಾಜ್ಯ ಯಾವ ಕಚೇರಿಗೂ ಗೊತ್ತಿರುವುದಿಲ್ಲ. ಭೂ ಪರಿವರ್ತನೆ ಆದೇಶ, ಲೇಔಟ್ ಅನುಮೋದನೆ, ಇ-ಖಾತಾ ಮೂರನ್ನೂ ಕೇಳಿ. ಖಾತಾ ಇದ್ದ ಮಾತ್ರಕ್ಕೆ ಮಾಲೀಕತ್ವ ಸಾಬೀತಾಗುವುದಿಲ್ಲ, ಅದು ತೆರಿಗೆ ಕಟ್ಟುವವರ ದಾಖಲೆ.

ದುಡ್ಡಿನ ವಿಷಯ ಸರಳ. ಆಸ್ತಿ ವ್ಯವಹಾರಕ್ಕೆ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಳ್ಳುವುದನ್ನೇ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಅಡ್ವಾನ್ಸ್ ಏನಿದ್ದರೂ ಮಾಲೀಕರ ಬ್ಯಾಂಕ್ ಖಾತೆಗೆ ಹೋಗಲಿ, ಜಿಪಿಎದಾರರ ಖಾತೆಗೆ ಬೇಡ. ಕರಾರನ್ನು ನೋಂದಣಿ ಮಾಡಿಸಿ. ಆಗ ಅದು ಇಸಿಯಲ್ಲಿ ಕಾಣುತ್ತದೆ, ಅದೇ ಸೈಟನ್ನು ಇನ್ನೊಬ್ಬರಿಗೆ ತೋರಿಸಿ ಟೋಕನ್ ಎತ್ತುವುದು ಅಷ್ಟು ಸುಲಭ ಇರಲ್ಲ.

ಪ್ರಶ್ನೆ: ಹಿರಿಯೂರು ತಾಲ್ಲೂಕಿನಲ್ಲಿ ಎರಡು ಎಕರೆ ಜಮೀನು ನೋಡಿದ್ದೇನೆ. ತಂದೆ ತೀರಿಕೊಂಡ ಮೇಲೆ ಪಹಣಿ ಹಿರಿಯ ಮಗನ ಹೆಸರಿಗೆ ಬಂದಿದೆ. ‘ತಂಗಿಯರಿಗೆ ಮದುವೆ ಆಗಿದೆ, ಅವರಿಗೇನೂ ಬರಲ್ಲ’ ಅನ್ನುತ್ತಾರೆ. ಸರಿನಾ?

ಉತ್ತರ: ಸರಿ ಅಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು, ಮದುವೆ ಆಗಿದ್ದರೂ ಅಷ್ಟೇ. ಸುಪ್ರೀಂ ಕೋರ್ಟ್ 2020ರಲ್ಲಿ ಇದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ತಂದೆಯ ಸ್ವಂತ ಸಂಪಾದನೆಯಾಗಿದ್ದು, ವಿಲ್ ಬರೆಯದೆ ತೀರಿಕೊಂಡಿದ್ದರೂ ತಾಯಿ, ತಂಗಿಯರಿಗೆ ಪಾಲು ಇದ್ದೇ ಇದೆ. ವಂಶವೃಕ್ಷ ತರಿಸಿ, ಅದರಲ್ಲಿರುವ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಇರಲಿ. ಮೈನರ್ ಮಕ್ಕಳ ಪಾಲಿದ್ದರೆ ಕೋರ್ಟ್ ಅನುಮತಿ ಬೇಕಾ ಅಂತ ವಕೀಲರನ್ನು ಕೇಳಿ.

ಪಹಣಿಯ 9, 10, 11ನೇ ಕಾಲಂ ಬಿಡದೆ ಓದಿ. ಯಾರ ಹೆಸರು, ಹೇಗೆ ಬಂತು, ಸಾಲ-ಹಕ್ಕು ಏನಿದೆ ಅನ್ನುವುದು ಅಲ್ಲಿರುತ್ತದೆ. ಜಮೀನು ಸರ್ಕಾರದಿಂದ ಮಂಜೂರಾಗಿ ಬಂದಿದ್ದರೆ ಹುಷಾರು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ, 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ಊರ್ಜಿತವಲ್ಲ, ಜಮೀನು ವಾಪಸ್ ಹೋಗುತ್ತದೆ. ಎಷ್ಟೋ ವರ್ಷ ಆಯ್ತಲ್ಲ ಅನ್ನುವ ವಾದಕ್ಕೂ 2023ರ ತಿದ್ದುಪಡಿ ಬಾಗಿಲು ಹಾಕಿದೆ. ಇತರರಿಗೆ ಮಂಜೂರಾದ ಜಮೀನಿಗೂ ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಇರುವುದುಂಟು. ಮಂಜೂರಾತಿ ಆದೇಶದ ನಕಲನ್ನು ತಾಲ್ಲೂಕು ಕಚೇರಿಯಿಂದ ತೆಗೆಸಿ. ಅದು ಕೈಗೆ ಬರುವ ತನಕ ಅಡ್ವಾನ್ಸ್ ಮಾತೇ ಎತ್ತಬೇಡಿ.